ಕಡ್ಡಾಯ ಯಾರಿಗೆ? ಪ್ರೌಢಶಾಲೆಯಲ್ಲಿ ಸಂವಿಧಾನ ಶಿಕ್ಷಣ

(ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ; ಕೊನೆಯಲ್ಲಿ ನಡೆದ ಪ್ರಶ್ನೋತ್ತರದಿಂದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಮಾನ್ಯರೇ,

ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂವಿಧಾನ ಶಿಕ್ಷಣವನ್ನು ಕಡ್ಡಾಯ ಮಾಡಬೇಕೇ ಎಂಬುದು ನನಗೆ ಕೊಟ್ಟಿರುವ ವಿಷಯ. ಮಾಡಬೇಕು ಎಂಬುದು ನನ್ನ ಉತ್ತರ. ಅಷ್ಟನ್ನು ಹೇಳಿ ಕೂತುಬಿಡಬಹುದಿತ್ತು. ಆದರೆ ಈ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವನಿಗೆ ‘ಕಡ್ಡಾಯ’ ಎಂಬ ಪದದ ಮೇಲೆ ಸ್ವಲ್ಪ ಗುಮಾನಿ ಇದೆ. ನಮ್ಮ ಇಲಾಖೆಯಲ್ಲಿ ಕಡ್ಡಾಯವೆಂದು ಸುತ್ತೋಲೆ ಬಂದ ಎಷ್ಟೋ ಸಂಗತಿಗಳು ಮೊದಲ ವರ್ಷ ಫೋಟೊ ಆಗುತ್ತವೆ, ಎರಡನೆಯ ವರ್ಷ ರಿಜಿಸ್ಟರು ಆಗುತ್ತವೆ, ಮೂರನೆಯ ವರ್ಷ ಬೀರುವಿನ ಮೇಲಿನ ದೂಳು ಆಗುತ್ತವೆ. ಆದ್ದರಿಂದ ಕಡ್ಡಾಯ ಬೇಕೋ ಬೇಡವೋ ಎನ್ನುವುದಕ್ಕಿಂತ, ಅದು ಯಾರ ಮೇಲೆ ಕಡ್ಡಾಯ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ.

ಈಗಾಗಲೇ ಪಾಠ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ನಾನು ಪಾಠ ಮಾಡಿದ ವರ್ಷಗಳಲ್ಲಿ ಪ್ರೌಢಶಾಲೆಯ ಮಟ್ಟಿಗೆ ಸಂವಿಧಾನ ಮುಖ್ಯವಾಗಿ ಒಂಬತ್ತನೆಯ ತರಗತಿಯಲ್ಲಿ ಬರುತ್ತಿತ್ತು. ಹತ್ತಕ್ಕೆ ಬರುವ ಹೊತ್ತಿಗೆ ರಾಜ್ಯಶಾಸ್ತ್ರದ ಭಾಗ ವಿದೇಶಾಂಗ ನೀತಿಗೂ ವಿಶ್ವಸಂಸ್ಥೆಗೂ ಹೊರಟುಹೋಗುತ್ತಿತ್ತು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಶಾಸ್ತ್ರಗಳು ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಒಂದು ನೂರನ್ನು ಹಂಚಿಕೊಳ್ಳುತ್ತಿದ್ದ ವ್ಯವಸ್ಥೆಯಲ್ಲಿ ಸಂವಿಧಾನಕ್ಕೆ ದಕ್ಕುತ್ತಿದ್ದ ಪಾಲು ಎಷ್ಟೆಂದು ನೀವೇ ಲೆಕ್ಕ ಹಾಕಿ. ಕರಡು ಸಮಿತಿಯ ಅಧ್ಯಕ್ಷರು ಯಾರು, ಸಂವಿಧಾನ ಜಾರಿಗೆ ಬಂದದ್ದು ಯಾವಾಗ, ಎಷ್ಟು ಅನುಸೂಚಿಗಳಿವೆ: ಹೀಗೆ ಅದು ಒಂದಂಕದ ಪ್ರಶ್ನೆಗಳ ಕಣಜವಾಗಿ ಉಳಿಯಿತು. ಜನವರಿಯ ನಂತರ ನಾವೆಲ್ಲ ಹಿಂದುಳಿದ ಮಕ್ಕಳಿಗೆಂದು ತಯಾರಿಸುತ್ತಿದ್ದ ‘ಪಾಸಿಂಗ್ ಪ್ಯಾಕೇಜ್’ ಎಂಬ ಕಲ್ಲಚ್ಚಿನ ಹಾಳೆಗಳಲ್ಲಿ ಮೂಲಭೂತ ಹಕ್ಕುಗಳು ಆರು ಸಾಲುಗಳಲ್ಲಿ ಮುಗಿಯುತ್ತಿದ್ದವು. ಆ ಹಾಳೆಗಳನ್ನು ಬರೆದವರಲ್ಲಿ ನಾನೂ ಒಬ್ಬ.

ಇನ್ನೊಂದು ಕಡೆ ನೋಡಿ. ನಮ್ಮ ರಾಜ್ಯದಲ್ಲಿ ಪದವಿ ತರಗತಿಗಳಲ್ಲಿ ಭಾರತದ ಸಂವಿಧಾನ ಬಹಳ ವರ್ಷಗಳಿಂದ ಕಡ್ಡಾಯ ಪತ್ರಿಕೆ. ಎಂಜಿನಿಯರಿಂಗ್ ಓದುವವರಿಗೂ ಅದುಂಟು. ಅಂದರೆ ಸಂವಿಧಾನವನ್ನು ಕಡ್ಡಾಯವಾಗಿ ಕಲಿಯಬೇಕೆಂದು ನಾವು ಒಪ್ಪಿಕೊಂಡೇ ಇದ್ದೇವೆ. ಒಪ್ಪಿಕೊಂಡದ್ದು ಮಾತ್ರ ತಪ್ಪು ತುದಿಯಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಒಂದು ಪತ್ರಿಕೆ ಪೂರ್ತಿ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಅಥವಾ ಮುಗಿಸದೆ, ಸಕಲೇಶಪುರದ ತೋಟದ ಲೈನ್ ಮನೆಗೆ ಮರಳುವ ಹುಡುಗಿಗೆ, ಗ್ಯಾರೇಜು ಸೇರುವ ಹುಡುಗನಿಗೆ, ಬೆಂಗಳೂರಿನ ಗಾರ್ಮೆಂಟ್ಸಿಗೆ ಬಸ್ಸು ಹತ್ತುವವಳಿಗೆ ಉಳಿಯುವುದು ಆ ಆರು ಸಾಲು. ಕೂಲಿ, ಬಂಧನ, ಜಾತಿ ನಿಂದನೆ, ಪಡಿತರ, ಪಂಚಾಯಿತಿ ಎಂದು ಸಂವಿಧಾನದ ಕೆಲಸ ನಿತ್ಯ ಬೀಳುವುದು ಯಾರಿಗೆ? 1988ರ 61ನೆಯ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಮೇಲೆ, ಶಾಲೆ ಬಿಟ್ಟ ಎರಡು ಮೂರು ವರ್ಷಗಳಲ್ಲೇ ಈ ಮಕ್ಕಳು ಮತಗಟ್ಟೆಯ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಮಟ್ಟಿಗೆ ಪ್ರೌಢಶಾಲೆಯೇ ಕೊನೆಯ ವಿಶ್ವವಿದ್ಯಾಲಯ.

ಇಲ್ಲಿ ಒಂದು ವಿಚಿತ್ರವನ್ನೂ ಗಮನಿಸಬೇಕು. ಮೂಲ ಸಂವಿಧಾನದ 45ನೆಯ ಅನುಚ್ಛೇದ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಸರ್ಕಾರ ಪ್ರಯತ್ನಿಸಬೇಕೆಂದು ಹೇಳಿತ್ತು. ಆ ಗಡುವು 1960ಕ್ಕೇ ಮುಗಿಯಿತು. ಶಿಕ್ಷಣ ಬರಿಯ ಆಶಯವಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟು 1992ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಶುಲ್ಕದ ಮೇಲೆ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಹೂಡಿದ ಮೊಕದ್ದಮೆಯಲ್ಲಿ. 2002ರ 86ನೆಯ ತಿದ್ದುಪಡಿಯಿಂದ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ 21ಎ ಅನುಚ್ಛೇದ ಬಂತು, ಅದನ್ನು ಜಾರಿಗೆ ತರುವ ಕಾಯ್ದೆ 2010ರ ಏಪ್ರಿಲ್ 1ರಿಂದ ಚಾಲ್ತಿಗೆ ಬಂತು. ಆದರೆ ಆ ಹಕ್ಕಿನ ವ್ಯಾಪ್ತಿ ಆರರಿಂದ ಹದಿನಾಲ್ಕು ವರ್ಷ, ಎಂಟನೆಯ ತರಗತಿಯವರೆಗೆ. ಮಗು ಒಂಬತ್ತಕ್ಕೆ ಬಂದು, ಶಿಕ್ಷಣ ನಿನ್ನ ಮೂಲಭೂತ ಹಕ್ಕು ಎಂಬ ವಾಕ್ಯವನ್ನು ಓದುವ ದಿನಕ್ಕೆ ಆ ಹಕ್ಕು ಅದರ ಕೈಬಿಟ್ಟು ಹೋಗಿರುತ್ತದೆ. ಒಮ್ಮೆ ತರಗತಿಯಲ್ಲಿ ಇದನ್ನು ವಿವರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸಾರ್, ಹಂಗಾದ್ರೆ ನಾವು ಈಗ ಬರೋದು ಯಾವ ಲೆಕ್ಕದಲ್ಲಿ?’ ಎಂದ. ಎಲ್ಲರೂ ನಕ್ಕರು. ಅಷ್ಟು ಒಳ್ಳೆಯ ಕಾನೂನು ಪ್ರಶ್ನೆಯನ್ನು ನಾನು ಆಮೇಲೆ ಕೇಳಿಲ್ಲ.

2023ರಿಂದ ನಮ್ಮ ರಾಜ್ಯದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯ ಓದನ್ನು ಕಡ್ಡಾಯ ಮಾಡಲಾಗಿದೆ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಇನ್ನೂರು ಮಕ್ಕಳು ಒಂದೇ ದನಿಯಲ್ಲಿ ‘ಭಾರತದ ಪ್ರಜೆಗಳಾದ ನಾವು’ ಎಂದಾಗ ಮೈ ಜುಮ್ಮೆನ್ನುವುದು ನಿಜ. ಆದರೆ ಓದಿಸುವುದು ಬೇರೆ, ಕಲಿಸುವುದು ಬೇರೆ. ವಾಚನವನ್ನೇ ಶಿಕ್ಷಣವೆಂದು ತಿಳಿದರೆ ಪೀಠಿಕೆ ಇನ್ನೊಂದು ಪ್ರಾರ್ಥನೆಯಾಗುತ್ತದೆ. ಪ್ರಾರ್ಥನೆಯಲ್ಲಿ ಯಾರೂ ಪದದ ಅರ್ಥ ಕೇಳುವುದಿಲ್ಲ, ಕೇಳಿದರೆ ಅಪಚಾರ. ಪೀಠಿಕೆಯ ಒಂದೊಂದು ಪದವೂ ಕೇಳಬೇಕಾದದ್ದೇ.

ಮೊದಲ ಸಾಲಿನ ‘ಪ್ರಜೆ’ಯನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಅದಕ್ಕೆ ಸಂತಾನ ಎಂಬ ಅರ್ಥವೂ ಇದೆ. ನಮ್ಮ ಬಳಕೆಯಲ್ಲಿ ರಾಜನಿದ್ದರೆ ಪ್ರಜೆ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಅಲ್ಲಿದ್ದ ಪ್ರಜೆ ಮಹಾರಾಜರ ಪ್ರಜೆ; ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಅದೇ ಪದ 1950ರ ಜನವರಿ 26ರಂದು ಅರಸನನ್ನು ಕಳೆದುಕೊಂಡು ತಾನೇ ಒಡೆಯನಾಯಿತು. ಪದ ಹಳೆಯದು, ಸ್ಥಾನ ಹೊಸದು. ಈ ಒಂದು ಪದದ ಮೇಲೆ ಒಂದು ಪೀರಿಯಡ್ ಕಳೆಯಬಹುದು, ನಾನು ಕಳೆದಿದ್ದೇನೆ, ಪಾಠ ಯೋಜನೆಯ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ ಎಂಬುದು ಬೇರೆ ಮಾತು. 1976ರ 42ನೆಯ ತಿದ್ದುಪಡಿ ಪೀಠಿಕೆಗೆ ಸೇರಿಸಿದ ‘ಸೆಕ್ಯುಲರ್’ ಪದಕ್ಕೆ ಕನ್ನಡದಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂದು ಮೂರು ದಾರಿಗಳು ತೆರೆದುಕೊಂಡಿವೆ. ಮೂರೂ ಒಂದೇ ಊರಿಗೆ ಹೋಗುವುದಿಲ್ಲ. ಧರ್ಮಗಳನ್ನು ಸಮನಾಗಿ ಕಾಣುವ ಸರ್ಕಾರ ಬೇರೆ, ಧರ್ಮದ ಗೊಡವೆಗೆ ಹೋಗದ ಸರ್ಕಾರ ಬೇರೆ, ಜಾತಿಯನ್ನು ಮೀರಿದ್ದು ಇನ್ನೂ ಬೇರೆ. ಹದಿನಾಲ್ಕರ ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ ಎನ್ನುವವರು ಹದಿನಾಲ್ಕರ ಮಕ್ಕಳ ಜೊತೆ ಮಾತಾಡಿರುವುದಿಲ್ಲ. ಪೀಠಿಕೆಯ ಕೊನೆಯಲ್ಲಿ ಬರುವ ‘ಭ್ರಾತೃಭಾವನೆ’ಯ ಅರ್ಥ ಅಣ್ಣತಮ್ಮಂದಿರ ಭಾವನೆ ಎಂದು ನಾನು ಬಿಡಿಸಿ ಹೇಳಿದ ದಿನ ಮುಂದಿನ ಸಾಲಿನ ಹುಡುಗಿ ತಲೆ ಎತ್ತದೆಯೇ, ‘ಅಕ್ಕತಂಗಿಯರು ಎಲ್ಲಿ ಹೋದರು ಸಾರ್?’ ಎಂದಳು. ಸೋದರತೆ ಎಂಬ ಪದವೂ ಇದೆ, ಅದರಲ್ಲಿ ನೀವೂ ಇದ್ದೀರಿ ಎಂದು ಸಮಾಧಾನ ಹೇಳಿದೆ. ಹಾಗಾದರೆ ಅದನ್ನೇ ಏಕೆ ಹಾಕಲಿಲ್ಲ ಎಂದು ಕೇಳಿದಳು. ಆ ಪ್ರಶ್ನೆಗೆ ಪ್ರಾರ್ಥನೆಯ ಮೈದಾನದಲ್ಲಿ ಎಡೆಯಿಲ್ಲ, ತರಗತಿಯಲ್ಲಿ ಮಾತ್ರ ಇದೆ.

ವಾಚನದ ಕಡ್ಡಾಯಕ್ಕೆ ಒಂದು ಗಡಿಯೂ ಇದೆ, ಅದನ್ನು ನಮ್ಮ ನೆರೆಯ ಕೇರಳದ ಮೂವರು ಶಾಲಾ ಮಕ್ಕಳೇ ಗುರುತಿಸಿಕೊಟ್ಟಿದ್ದಾರೆ. 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಒಡಹುಟ್ಟಿದ ಮೂವರನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಗೆ ಹಾಕಲಾಯಿತು. ಅವರು ಎದ್ದು ನಿಲ್ಲುತ್ತಿದ್ದರು, ಗೌರವದಿಂದ ಮೌನವಾಗಿರುತ್ತಿದ್ದರು, ತಮ್ಮ ನಂಬಿಕೆ ಒಪ್ಪುವುದಿಲ್ಲವೆಂದು ಹಾಡುತ್ತಿರಲಿಲ್ಲ, ಅಷ್ಟೆ. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟು, ಅವರನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಬೇಕೆಂದಿತು. ಬಿಜೋ ಎಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ನಮ್ಮ ಪರಂಪರೆ, ನಮ್ಮ ತತ್ವಶಾಸ್ತ್ರ, ನಮ್ಮ ಸಂವಿಧಾನ ಮೂರೂ ಸಹಿಷ್ಣುತೆಯನ್ನು ಕಲಿಸುತ್ತವೆಂದೂ ಅದನ್ನು ತೆಳುಗೊಳಿಸಬಾರದೆಂದೂ ಬರೆದರು. ಈ ಪ್ರಕರಣವನ್ನು ನಾನು ಸಂವಿಧಾನ ಶಿಕ್ಷಣದ ಮೊದಲ ಪಾಠ ಮಾಡಬೇಕೆನ್ನುತ್ತೇನೆ. ಅದು ಶಾಲಾ ಮಕ್ಕಳದೇ ಕಥೆ. ಮಕ್ಕಳು ಗೆದ್ದ ಕಥೆ. ಹಾಡಿದವರಿಗೆ ಹಾಡದವರ ಬಗ್ಗೆ ಸಿಟ್ಟು ಬಂದೇ ಬರುವ, ಆದ್ದರಿಂದಲೇ ಚರ್ಚೆ ಏಳುವ ಕಥೆ. ಸಂವಿಧಾನವನ್ನು ಕಡ್ಡಾಯವಾಗಿ ತಿಳಿಸಬಹುದು, ಆದರೆ ಅದರ ಮೇಲೆ ಭಕ್ತಿಯನ್ನು ಕಡ್ಡಾಯ ಮಾಡುವುದಕ್ಕೆ ಅದೇ ಸಂವಿಧಾನದ ಅಡ್ಡಿಯಿದೆ.

ಹಾಗಾದರೆ ಏನನ್ನು ಕಲಿಸುವುದು? ಸಂವಿಧಾನವನ್ನು ಒಂದು ವಾದವಾಗಿ ಕಲಿಸಬೇಕೆಂಬುದು ನನ್ನ ಅನುಭವದ ಮಾತು. 1946ರ ಡಿಸೆಂಬರ್ 9ರಿಂದ ಸುಮಾರು ಮೂರು ವರ್ಷ ಕಾಲ ಸಂವಿಧಾನ ರಚನಾ ಸಭೆಯಲ್ಲಿ ಜನ ಕೂತು ಜಗಳವಾಡಿ ಮಾಡಿದ ಪುಸ್ತಕ ಅದು. ಮೈಸೂರಿನಿಂದ ಹೋದ ಸದಸ್ಯರಲ್ಲಿ ಒಬ್ಬರಾದ ಕೆಂಗಲ್ ಹನುಮಂತಯ್ಯನವರು, ನಮಗೆ ಬೇಕಿದ್ದದ್ದು ವೀಣೆಯ ಅಥವಾ ಸಿತಾರಿನ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಎಂದು ಆ ಸಭೆಯಲ್ಲೇ ಗೊಣಗಿದರು. ಮುಂದೆ ಅದೇ ಸಂವಿಧಾನದ ಅಡಿಯಲ್ಲಿ ಮುಖ್ಯಮಂತ್ರಿಯಾದರು, ವಿಧಾನಸೌಧ ಕಟ್ಟಿಸಿದರು. ಗೊಣಗಿದವರಿಗೂ ಜಾಗ ಕೊಟ್ಟ ಪುಸ್ತಕ ಎಂಬುದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

1948ರ ನವೆಂಬರ್ 29ರ ಚರ್ಚೆ ಇನ್ನೂ ಹತ್ತಿರದ್ದು. ಈಗಿನ 15ನೆಯ ಅನುಚ್ಛೇದದ ಎರಡನೆಯ ಖಂಡ, ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ವಿಷಯದಲ್ಲಿ ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎನ್ನುತ್ತದೆ. ಅಂದು ಸಭೆಯಲ್ಲಿ ‘ಅಂಗಡಿ’ ಎಂದರೇನು, ಲಾಂಡ್ರಿ, ಕ್ಷೌರದಂಗಡಿಗಳೂ ಅದರೊಳಗೆ ಬರುತ್ತವೆಯೇ ಎಂಬ ಪ್ರಶ್ನೆ ಎದ್ದಿತು. ಅಂಬೇಡ್ಕರ್ ಅವರು ಉತ್ತರಿಸುತ್ತ, ಆ ಪದವನ್ನು ಒಳಗೆ ಕಾಲಿಡಲು ಬಿಡುವುದು ಎಂಬ ಸಣ್ಣ ಅರ್ಥದಲ್ಲಿ ಬಳಸಿಲ್ಲ, ಸೇವೆ ಕೊಡಲು ಕೂತ ಯಾರೇ ಆದರೂ ಸೇವೆ ಕೊಡಬೇಕೆಂಬ ವಿಶಾಲ ಅರ್ಥದಲ್ಲಿ ಬಳಸಿದೆ ಎಂದರು. ಇದನ್ನು ನಾನು ಓದಿ ಹೇಳಿದ ತರಗತಿಯಲ್ಲಿ ಕೆಲವರು ಕಿಟಕಿಯ ಹೊರಗೆ ನೋಡಿದರು, ಕೆಲವರು ನೆಲ ನೋಡಿದರು. ಯಾವ ಊರಿನ ಯಾವ ಕ್ಷೌರದಂಗಡಿ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಪ್ಪತ್ತು ವರ್ಷಗಳ ಹಿಂದೆ ದಿಲ್ಲಿಯಲ್ಲಿ ನಡೆದ ಮಾತು ತಮ್ಮ ಊರಿನ ಬಸ್‌ಸ್ಟ್ಯಾಂಡಿನದು ಎಂದು ಅಂದು ಅವರಿಗೆ ಹೊಳೆಯಿತು. ಆ ದಿನ ಯಾರೂ ನೋಟ್ಸ್ ಕೇಳಲಿಲ್ಲ.

ಅದೇ ತಿಂಗಳ 4ರಂದು ಕರಡನ್ನು ಸಭೆಯ ಮುಂದಿಡುತ್ತ ಅಂಬೇಡ್ಕರ್ ಅವರು, ಸಾಂವಿಧಾನಿಕ ನೈತಿಕತೆ ಹುಟ್ಟಿನಿಂದ ಬರುವ ಭಾವನೆಯಲ್ಲ, ಅದನ್ನು ಬೆಳೆಸಬೇಕು ಎಂದಿದ್ದರು. ಭಾರತದ ಮಣ್ಣು ಮೂಲತಃ ಪ್ರಜಾಪ್ರಭುತ್ವದ್ದಲ್ಲ, ಪ್ರಜಾಪ್ರಭುತ್ವ ಅದರ ಮೇಲಿನ ‘ಟಾಪ್ ಡ್ರೆಸಿಂಗ್’ ಮಾತ್ರ ಎಂದಿದ್ದರು. ನಮ್ಮ ಹಾಸನದ ಆಲೂಗೆಡ್ಡೆ ಬೆಳೆಗಾರರು ಯೂರಿಯಾ ಚೀಲದ ಮುಂದೆ ನಿಂತು ಹೇಳುವ ಮಾತೂ ಅದೇ: ಮೇಲುಗೊಬ್ಬರ. ಮಳೆ ಬಂದರೆ ಕೊಚ್ಚಿಕೊಂಡು ಹೋಗುತ್ತದೆ. ಬೇರಿಗೆ ಇಳಿಯಬೇಕಾದರೆ ಮಣ್ಣು ಏರಿಸಬೇಕು, ಆ ಕೆಲಸಕ್ಕೆ ಒಂದು ಹದ, ಒಂದು ಸಮಯ ಇದೆ. ಹದಿಮೂರರಿಂದ ಹದಿನಾರು ಆ ಸಮಯವೆಂದು ನಾನು ತಿಳಿದಿದ್ದೇನೆ.

ಕಲಿಸುವುದಕ್ಕೆ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆಲೂರು, ಸಕಲೇಶಪುರದ ಕಡೆಯ ಮಕ್ಕಳಿಗೆ ಆನೆ ದಿನದ ಸಂಗತಿ. ಆನೆ ಬಂದಿದೆಯೆಂದು ಶಾಲೆಗೆ ಬರಲಾಗದ ದಿನಗಳಿವೆ. ಕಾಡುಪ್ರಾಣಿಗಳ ರಕ್ಷಣೆ ಎಂಬ ವಿಷಯವನ್ನು ರಾಜ್ಯ ಪಟ್ಟಿಯಿಂದ, ಕೇಂದ್ರ ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಒಯ್ದದ್ದು 1976ರ 42ನೆಯ ತಿದ್ದುಪಡಿ. ಶಿಕ್ಷಣವನ್ನು ಅದೇ ಪಟ್ಟಿಗೆ ಒಯ್ದದ್ದೂ ಅದೇ ತಿದ್ದುಪಡಿ. ಆನೆಯೂ ಶಾಲೆಯೂ ಒಂದೇ ಗಾಡಿಯಲ್ಲಿ ಪಟ್ಟಿ ಬದಲಿಸಿದವು ಎಂದರೆ ಒಕ್ಕೂಟ ವ್ಯವಸ್ಥೆಯ ಪಾಠ ಮಕ್ಕಳಿಗೆ ಜನ್ಮಕ್ಕೆ ಮರೆಯುವುದಿಲ್ಲ. ಯಾರಿಗೆ ಅರ್ಜಿ ಕೊಡಬೇಕು, ಬೆಂಗಳೂರಿಗೋ ದಿಲ್ಲಿಗೋ ಎಂಬ ಅವರ ಅಪ್ಪಂದಿರ ಗೊಂದಲವೂ ಅದೇ ಪಾಠದ ಭಾಗ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ; ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದು 300ಎ ಅನುಚ್ಛೇದವಾಗಿ ಉಳಿದದ್ದೂ, 44ನೆಯ ತಿದ್ದುಪಡಿಯ ಮೂಲಕ, ಅದೇ ವರ್ಷ. ಹೊಲ ಮುಳುಗಿಸಿಕೊಂಡವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿದ್ದರು. ಸಮುದಾಯದ ನೀರು ದೊಡ್ಡದೋ ಒಬ್ಬನ ಹೊಲ ದೊಡ್ಡದೋ ಎಂದು ಅವರು ವಾದಿಸಿದಷ್ಟು ತೀವ್ರವಾಗಿ ಯಾವ ವಕೀಲರೂ ವಾದಿಸಿರಲಾರರು.

ಪಕ್ಕದ ಚಿಕ್ಕಮಗಳೂರು 1978ರ ನವೆಂಬರಿನಲ್ಲಿ ಇಡೀ ದೇಶದ ಕಣ್ಣಿಗೆ ಬಿದ್ದಿತ್ತು. ಅಲ್ಲಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದ ಇಂದಿರಾ ಗಾಂಧಿಯವರನ್ನು ಮರುತಿಂಗಳೇ ಹಕ್ಕುಚ್ಯುತಿಯ ಕಾರಣಕ್ಕೆ ಸದನದಿಂದ ಉಚ್ಚಾಟಿಸಿ ಜೈಲಿಗೂ ಕಳಿಸಲಾಯಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಮಾಡಿತು. ಜನ ಆರಿಸಿ ಕಳಿಸಿದವರನ್ನು ಸದನ ಹೊರಹಾಕಬಹುದೇ? ಆಗ ಆ ಮತದಾರರ ಮತಕ್ಕೆ ಏನಾಯಿತು? ನಮ್ಮ ಪಠ್ಯದಲ್ಲಿ ‘ಸಂಸತ್ತಿನ ವಿಶೇಷ ಹಕ್ಕುಗಳು’ ಎಂಬ ಶೀರ್ಷಿಕೆಯ ಕೆಳಗೆ ಎರಡು ವಾಕ್ಯಗಳಲ್ಲಿ ಸತ್ತುಬಿದ್ದಿರುವ ಸಂಗತಿ ಇದು. ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು 1973ರಲ್ಲಿ ಸುಪ್ರೀಂ ಕೋರ್ಟು ಹೇಳುವುದಕ್ಕೆ ಕಾರಣವಾದ ಅರ್ಜಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳದ್ದು. ರಾಜ್ಯ ಸರ್ಕಾರವನ್ನು ವಜಾ ಮಾಡುವ ಅಧಿಕಾರಕ್ಕೆ 1994ರಲ್ಲಿ ಕಡಿವಾಣ ಹಾಕಿದ ತೀರ್ಪಿನ ಹೆಸರಲ್ಲಿರುವುದು ನಮ್ಮ ಎಸ್.ಆರ್. ಬೊಮ್ಮಾಯಿ. ಇಷ್ಟೆಲ್ಲ ಕನ್ನಡದ ನೆಲದಲ್ಲೇ ಇರುವಾಗ ಸಂವಿಧಾನ ಮಕ್ಕಳಿಗೆ ಪರದೇಶಿಯಾಗಿ ಕಾಣುತ್ತದೆಂದರೆ ತಪ್ಪು ಕಲಿಸುವ ನಮ್ಮದು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮಕ್ಕಳಿಗೆ ಹೊರೆ ಎಂಬ ಆಕ್ಷೇಪವನ್ನು ಬೇಗ ಬಿಡುತ್ತೇನೆ. ಏಳನೆಯ ವಿಷಯವೆಂದು ಅಂಕಪಟ್ಟಿಗೆ ಸೇರಿಸಿದರೆ ಮಾತ್ರ ಅದು ಹೊರೆ, ಮತ್ತು ಸೇರಿಸಬಾರದು ಎಂದು ನಾನೇ ಹೇಳುತ್ತಿದ್ದೇನೆ. ಎರಡನೆಯದು ಗಟ್ಟಿಯಾದ ಆಕ್ಷೇಪ. 1991ರಲ್ಲಿ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಲು ಆದೇಶಿಸಿತು. ಆಮೇಲೆ ಏನಾಯಿತೆಂದು ಇಲ್ಲಿರುವ ಶಿಕ್ಷಕರಿಗೆ ಗೊತ್ತು. ಸ್ಟೇಷನರಿ ಅಂಗಡಿಯಿಂದ ತಂದ ಚಿತ್ರಗಳನ್ನು ಅಂಟಿಸಿದ ಪ್ರಾಜೆಕ್ಟ್ ಪುಸ್ತಕಗಳು ಮೂಟೆಗಟ್ಟಲೆ ಬಂದವು, ಶಾಲೆಯ ಹಿಂದಿನ ಕೆರೆಗೆ ಬೀಳುವ ಕಸ ಬೀಳುತ್ತಲೇ ಇತ್ತು. ಮೌಲ್ಯ ಶಿಕ್ಷಣದ ಪೀರಿಯಡ್ಡನ್ನು ಡಿಸೆಂಬರ್ ಬಂದೊಡನೆ ಗಣಿತದ ಮೇಷ್ಟ್ರು ಕೇಳಿ ತೆಗೆದುಕೊಳ್ಳುತ್ತಿದ್ದರು, ಕೊಡುವ ನಮಗೂ ಬೇಸರವಿರಲಿಲ್ಲ. ಅಮೆರಿಕದಲ್ಲೂ 2004ರ ಕಾನೂನೊಂದು ಕೇಂದ್ರದ ಹಣ ಪಡೆಯುವ ಶಾಲೆಗಳು ಸೆಪ್ಟೆಂಬರ್ 17ರ ಸುತ್ತ ಸಂವಿಧಾನದ ಕಾರ್ಯಕ್ರಮ ನಡೆಸಬೇಕೆಂದು ಕಡ್ಡಾಯ ಮಾಡಿದೆ. ಅಲ್ಲಿ ಅದೊಂದು ದಿನ, ಇಲ್ಲಿ 2015ರಿಂದ ನವೆಂಬರ್ 26ರ ಸಂವಿಧಾನ ದಿನ ಒಂದು ದಿನ. ದಿನಾಚರಣೆ ಕಡ್ಡಾಯವಾದಾಗ ಉಳಿದ ದಿನಗಳಿಗೆ ಬಿಡುಗಡೆ ಸಿಕ್ಕಂತಾಗುತ್ತದೆ.

ಮೂರನೆಯ ಆಕ್ಷೇಪವನ್ನು ಯಾರೂ ಮೈಕಿನ ಮುಂದೆ ಹೇಳುವುದಿಲ್ಲ, ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಇದು ರಾಜಕೀಯವಾಗುತ್ತದೆ ಮೇಷ್ಟ್ರೇ, ಯಾರಾದರೂ ಮೊಬೈಲಿನಲ್ಲಿ ಹಿಡಿದು ಹಾಕಿದರೆ ನಮ್ಮ ನೌಕರಿಯ ಗತಿಯೇನು? ಈ ಭಯ ಸುಳ್ಳಲ್ಲ. ಅತಿಥಿ ಶಿಕ್ಷಕರಿಗಂತೂ ಮುಂದಿನ ಜೂನಿನ ಭರವಸೆಯೇ ಇಲ್ಲ. ಆದ್ದರಿಂದಲೇ ನಾನು ಕಡ್ಡಾಯದ ಪರ. ಪಠ್ಯಕ್ರಮದಲ್ಲಿ, ವೇಳಾಪಟ್ಟಿಯಲ್ಲಿ, ಆದೇಶದಲ್ಲಿ ಅದು ಇದ್ದರೆ, ಅಂಗಡಿ ಎಂದರೇನು ಎಂದು ಚರ್ಚಿಸಿದ ಶಿಕ್ಷಕಿ ತನ್ನ ಇಷ್ಟಕ್ಕೆ ರಾಜಕೀಯ ಮಾತಾಡಿದವಳಾಗುವುದಿಲ್ಲ, ಸರ್ಕಾರ ಒಪ್ಪಿಸಿದ ಕೆಲಸ ಮಾಡಿದವಳಾಗುತ್ತಾಳೆ. ಕಡ್ಡಾಯ ಎಂಬುದು ಆಗ ಆಕೆಗೆ ನೆರಳು.

ಇನ್ನು ಯಾರಿಗೆ ಕಡ್ಡಾಯ ಎಂಬ ನನ್ನ ಮೂಲ ಪ್ರಶ್ನೆ. ಮೊದಲು ಶಾಲೆಗೆ. ನನ್ನದೇ ಒಂದು ಸಂಗತಿ ಹೇಳುತ್ತೇನೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ತಿಂಗಳಿನಲ್ಲಿ ನಾನು ವರ್ಷಗಟ್ಟಲೆ ತರಗತಿಗೆ ಹೋಗಿ, ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎನ್ನುತ್ತಿದ್ದೆ. ಕೆಟ್ಟ ಮನಸ್ಸಿನಿಂದಲ್ಲ, ಪಟ್ಟಿ ಬೇಗ ಆಗಬೇಕಿತ್ತು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನು ಬರುತ್ತಿತ್ತು. ಒಂದು ವರ್ಷ ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಸಮಾನತೆಯ ಮಾತು ಹೇಳುವ 14ರಿಂದ 17ರವರೆಗಿನ ಅನುಚ್ಛೇದಗಳ ಪಾಠ ಮುಗಿಸಿ, ಗಂಟೆ ಹೊಡೆದ ಮೇಲೆ ಅದೇ ಬಾಯಲ್ಲಿ ಆ ಮಾತು ಹೇಳಿದೆ. ಯಾವಾಗಲೂ ಎದ್ದು ನಿಲ್ಲುತ್ತಿದ್ದ ಒಬ್ಬ ಹುಡುಗ ಅಂದು ಏಳಲಿಲ್ಲ. ಅವನ ಹೆಸರನ್ನು ನಾನು ಆಫೀಸಿನ ದಾಖಲಾತಿ ವಹಿಯಿಂದ ಬರೆದುಕೊಂಡೆ. ದಾಖಲಾತಿ ವಹಿ ಅಲ್ಲೇ ಇತ್ತು, ಮೊದಲಿನಿಂದಲೂ ಇತ್ತು. ಒಬ್ಬರನ್ನೂ ನಿಲ್ಲಿಸದೆ ಪಟ್ಟಿ ಮಾಡಬಹುದಿತ್ತು.

ಸಂವಿಧಾನ ಕಡ್ಡಾಯವಾಗುವುದೆಂದರೆ ಇಂಥ ಕಡೆಗಳಲ್ಲಿ. ಬಿಸಿಯೂಟದ ಸಾಲಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಶೌಚಾಲಯಕ್ಕೆ ನೀರು ಹೊರಲು ಯಾವ ಮಕ್ಕಳನ್ನು ಕರೆಯುತ್ತೇವೆ, ಸ್ಟಾಫ್ ರೂಮಿನ ಚಹಾ ಲೋಟ ತೊಳೆಯಲು ಹುಡುಗಿಯರನ್ನೇ ಏಕೆ ಕರೆಯುತ್ತೇವೆ, ಮೈದಾನ ಯಾವಾಗಲೂ ಹುಡುಗರದ್ದೇ ಏಕೆ, ಕಾನೂನು ನಿಷೇಧಿಸಿದ ಮೇಲೂ ಬೆತ್ತ ಮೇಜಿನ ಖಾನೆಯಲ್ಲಿ ಏಕಿದೆ. ಶಿಕ್ಷಣ ಹಕ್ಕಿನ ಕಾಯ್ದೆಯ 29ನೆಯ ಪ್ರಕರಣ ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಬೇಕು ಎನ್ನುತ್ತದೆ. ಪಠ್ಯಕ್ರಮವೆಂದರೆ ಪುಸ್ತಕವಷ್ಟೇ ಅಲ್ಲವಲ್ಲ. ಎಂಟು ಗಂಟೆಯಿಂದ ಸಂಜೆಯವರೆಗೆ ಮಗು ಏನನ್ನು ನೋಡುತ್ತದೆಯೋ ಅದೆಲ್ಲ ಪಠ್ಯವೇ.

ಎರಡನೆಯದಾಗಿ ಸರ್ಕಾರಕ್ಕೆ ಕಡ್ಡಾಯ. ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿರುವುದರಿಂದ, ನಮ್ಮದೇ ಪಠ್ಯಪುಸ್ತಕ, ನಮ್ಮದೇ ಪರೀಕ್ಷಾ ಮಂಡಲಿ ಇರುವುದರಿಂದ ರಾಜ್ಯ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳಿಗೆ ವಾರಕ್ಕೊಂದು ಪೀರಿಯಡ್ ಸಾಕು. ಅಂಕ ಬೇಡ, ಪರೀಕ್ಷೆ ಇಡಲೇಬೇಕೆಂದರೆ ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ ಇಡಿ, ಒಂದು ಸಂದರ್ಭ ಕೊಟ್ಟು ಎರಡು ಕಡೆಯ ವಾದವನ್ನೂ ಬರೆಸಿ. ಪ್ರತಿ ಶಾಲೆಗೆ ಸಂವಿಧಾನದ ಕನ್ನಡ ಪ್ರತಿಗಳು ಕೈಗೆ ಸಿಗುವಷ್ಟು ಬೇಕು, ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದು ಪ್ರತಿಯಲ್ಲ. ಶಿಕ್ಷಕರ ಜಿಲ್ಲಾ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಕೊಡುವ ತರಬೇತಿ ಅನುಚ್ಛೇದಗಳ ಪಟ್ಟಿಯಾಗದೆ, ಒಪ್ಪದ ಅಭಿಪ್ರಾಯ ತರಗತಿಯಲ್ಲಿ ಎದ್ದಾಗ ಅದನ್ನು ಹೇಗೆ ನಡೆಸಿಕೊಂಡು ಹೋಗಬೇಕೆಂಬ ತರಬೇತಿಯಾಗಬೇಕು. ಸಂವಿಧಾನ ಗೊತ್ತಿಲ್ಲ ಎನ್ನುವುದು ನಮ್ಮ ಶಿಕ್ಷಕರ ಕಷ್ಟವಲ್ಲ, ಚರ್ಚೆ ಹೇಗೆ ಮುಗಿಸಬೇಕೆಂದು ಗೊತ್ತಿಲ್ಲ ಎನ್ನುವುದು ಕಷ್ಟ.

ಮಕ್ಕಳ ಗ್ರಾಮಸಭೆಯನ್ನು ಈ ಪೀರಿಯಡ್ಡಿಗೆ ಜೋಡಿಸಬಹುದು. ಈಗ ಅದು ಹಲವು ಕಡೆ ಸ್ವಾಗತ ಭಾಷಣ, ಬಿಸ್ಕತ್ತು, ಫೋಟೊಗಳಲ್ಲಿ ಮುಗಿಯುತ್ತದೆ. ಮಕ್ಕಳು ಕೇಳಿದ ಪ್ರಶ್ನೆಗೆ ಮುಂದಿನ ವರ್ಷದ ಸಭೆಯಲ್ಲಿ ಉತ್ತರ ಓದಬೇಕೆಂಬ ನಿಯಮವೊಂದಿದ್ದರೆ ಚಿತ್ರ ಬದಲಾದೀತು. ಮಾಹಿತಿ ಹಕ್ಕಿನ ಅರ್ಜಿಯೂ ಒಳ್ಳೆಯ ಪಾಠ. ಕರ್ನಾಟಕದ ನಿಯಮದ ಪ್ರಕಾರ ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆ ಮಿತಿಯ ಬಗ್ಗೆ ದೊಡ್ಡವರಿಗೆ ತಕರಾರಿದೆ, ಇರಲಿ; ಪ್ರಬಂಧ ಬರೆಸುವ ಕನ್ನಡ ಮೇಷ್ಟ್ರಿಗೆ ಮಾತ್ರ ಅದೊಂದು ವರ. ತಮ್ಮ ಊರಿನ ಬಸ್ಸು ಏಕೆ ನಿಂತಿತು ಎಂಬುದನ್ನು 150 ಪದಗಳಲ್ಲಿ, ಸಿಟ್ಟಿಲ್ಲದೆ, ಕಚೇರಿಯವರು ತಪ್ಪಿಸಿಕೊಳ್ಳಲು ಎಡೆಯಿಲ್ಲದಂತೆ ಬರೆಯುವುದನ್ನು ಕಲಿತ ಮಗುವಿಗೆ ವಾಕ್ ಸ್ವಾತಂತ್ರ್ಯದ 19ನೆಯ ಅನುಚ್ಛೇದದ ಬಾಯಿಪಾಠ ಬೇಕಾಗುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳು ಬಹುಪಾಲು ವೇಳಾಪಟ್ಟಿಯ ಬಗ್ಗೆ. ಅವನ್ನು ಇಲ್ಲಿ ಬಿಟ್ಟಿದ್ದೇನೆ. ಕೊನೆಯಲ್ಲಿ ಸಕಲೇಶಪುರದ ಕಡೆಯ ವಯಸ್ಸಾದ ಕಾಫಿ ಬೆಳೆಗಾರರೊಬ್ಬರು ಎದ್ದರು. ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳಂತೆ. ಕಣದ ಬದಿಯ ಗೂಟಕ್ಕೆ ಸಿಕ್ಕಿಸಿಟ್ಟಿರುವ, ಕೆಲಸದವರು ಕಾಫಿ ಕುಡಿಯುವ ಲೋಟಗಳನ್ನು ತೋರಿಸಿ, ಇವು ಒಳಗೆ ಏಕಿಲ್ಲ ಅಜ್ಜ ಎಂದು ಕೇಳಿದಳಂತೆ. ‘ಅದು ಅಂಗಡಿ, ಹೋಟೆಲಿಗೆ ಕಣಮ್ಮ, ಮನೆಗಲ್ಲ ಅಂತ ಹೇಳಿದೆ ಮೇಷ್ಟ್ರೇ. ಸರಿಯೋ ತಪ್ಪೋ ಹೇಳಿ’ ಎಂದರು.

15ನೆಯ ಅನುಚ್ಛೇದದ ಆ ಖಂಡದಲ್ಲಿ ಮನೆಯ ಹೆಸರಿಲ್ಲ, ಅಷ್ಟರಮಟ್ಟಿಗೆ ನೀವು ಹೇಳಿದ್ದು ಸರಿ ಎಂದೆ. ಆದರೆ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ಯಾವುದೇ ರೂಪದಲ್ಲಿ ಆಚರಿಸುವಂತಿಲ್ಲ ಎನ್ನುತ್ತದೆ, ಅದರಲ್ಲಿ ಅಂಗಡಿ, ಮನೆ, ಕಣ ಎಂಬ ಪಟ್ಟಿಯೇ ಇಲ್ಲ ಎಂದೆ.

ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ‘ಅವಳೂ ಅದೇ ನಂಬರ್ ಹೇಳಿದ್ಲು’ ಎಂದು ಕೂತರು.